ತಿಂಗಳಿಗೆ 38 ಸಾವಿರ ಸಂಪಾದನೆಯಲ್ಲಿ ಇಬ್ಬರು ಮಕ್ಕಳನ್ನು ಖಾಸಗಿ ಶಾಲೆಯಲ್ಲಿ ಓದಿಸಬಹುದೇ?

ದಾವಣಗೆರೆಯಲ್ಲಿ ಗಂಡ ಹೆಂಡತಿ ಇಬ್ಬರ ದುಡಿಮೆಯಿಂದ ತಿಂಗಳಿಗೆ 38,000 ರೂಪಾಯಿ ಬರುತ್ತದೆ, ನಾಲ್ಕು ವರ್ಷದ ಮಗಳನ್ನು 32,000 ರೂಪಾಯಿ ಶುಲ್ಕದ ಇಂಗ್ಲಿಷ್ ಮಾಧ್ಯಮ ಶಾಲೆಯ ಎಲ್‌ಕೆಜಿಗೆ ಸೇರಿಸಬೇಕೆಂದಿದ್ದೇವೆ, ಮಗನಿಗೆ ಈಗ ಒಂದು ವರ್ಷ, ಇದು ನಮ್ಮ ಕೈಲಾಗುವ ಮಾತೇ ಎಂದು ಕೇಳಿದ್ದೀರಿ. ನಾನು ಇದೇ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಹತ್ತೊಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಪ್ರತಿ ವರ್ಷ ಮೇ ಕೊನೆಯ ವಾರ ಬಂತೆಂದರೆ ಒಡವೆ ಅಡವಿಡಲು ಬರುವವರ ಸಾಲು ಉದ್ದವಾಗುತ್ತದೆ. ಸಾಲದ ಉದ್ದೇಶ ಎಂಬ ಕಡೆ ನಾವು ಬರೆಯುವುದು ‘ಗೃಹಕೃತ್ಯ’ ಎಂದು. ಆದರೆ ಬಂದವರ ಕೈಯಲ್ಲಿರುವುದು ಶಾಲೆಯ ಶುಲ್ಕದ ಚೀಟಿ. ಆ ಸಾಲಿನಲ್ಲಿ ಗೌಂಡಿ ಕೆಲಸದವರು, ಹೋಟೆಲ್ ಮಾಣಿಗಳು, ಗುಮಾಸ್ತರು, ಮೆಕ್ಕೆಜೋಳ ಮಾರಿದ ದುಡ್ಡು ದೀಪಾವಳಿಗೆ ಬಂದು ಯುಗಾದಿಯೊಳಗೆ ಕರಗಿಹೋದ ರೈತರು ಎಲ್ಲರೂ ಇರುತ್ತಾರೆ. ಒಂದು ವರ್ಷ ನಾನೂ ನಿಂತಿದ್ದೆ. ಆದ್ದರಿಂದ ಇದು ಹೊರಗೆ ನಿಂತು ಹೇಳುವ ಬುದ್ಧಿಮಾತಲ್ಲ.

ನೀವು ಕೇಳಿರುವುದು ಮೊದಲ ವರ್ಷದ 32,000 ರೂಪಾಯಿಯ ಬಗ್ಗೆ. ಅದನ್ನು ಹೇಗೋ ಹೊಂದಿಸಬಹುದು, ಎಲ್ಲರೂ ಹೊಂದಿಸುತ್ತಾರೆ. ಯೋಚಿಸಬೇಕಾದದ್ದು ಎಸ್‌ಎಸ್‌ಎಲ್‌ಸಿ ವರ್ಷದ ಶುಲ್ಕವನ್ನು. ಎಲ್‌ಕೆಜಿಯಿಂದ ಹತ್ತನೇ ತರಗತಿಯವರೆಗೆ ಹನ್ನೆರಡು ವರ್ಷ. ಶುಲ್ಕ ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರುತ್ತದೆಂದು ಇಟ್ಟುಕೊಂಡರೆ ಕೊನೆಯ ವರ್ಷ ಸುಮಾರು 91,000 ಆಗುತ್ತದೆ; ಹನ್ನೆರಡು ವರ್ಷದ ಮೊತ್ತ 6.84 ಲಕ್ಷ ದಾಟುತ್ತದೆ. ಇದರಲ್ಲಿ ವ್ಯಾನ್ ಬಾಡಿಗೆ ಇಲ್ಲ, ಪುಸ್ತಕ, ಸಮವಸ್ತ್ರ, ಶೂ ಇಲ್ಲ, ವಾರ್ಷಿಕೋತ್ಸವದ ನೃತ್ಯಕ್ಕೆಂದು ಬಾಡಿಗೆಗೆ ತರುವ ಉಡುಪೂ ಇಲ್ಲ. ವ್ಯಾನಿಗೆ ತಿಂಗಳಿಗೆ 1,200ರಂತೆ ಹತ್ತು ತಿಂಗಳು, ಉಳಿದದ್ದಕ್ಕೆ 8,000 ಎಂದು ಸೇರಿಸಿದರೆ ಮೊದಲ ವರ್ಷವೇ 52,000 ಆಯಿತು. ಇನ್ನು ಮೂರು ವರ್ಷಕ್ಕೆ ನಿಮ್ಮ ಮಗನೂ ಎಲ್‌ಕೆಜಿಗೆ ಬರುತ್ತಾನೆ. ಆಗ ಇಬ್ಬರ ಶುಲ್ಕವೇ 85,000, ಎಲ್ಲ ಸೇರಿ ಸುಮಾರು 1.25 ಲಕ್ಷ. ನಿಮ್ಮ ಸಂಬಳ ವರ್ಷಕ್ಕೆ ನೂರಕ್ಕೆ ಐದರಂತೆ ಹೆಚ್ಚಿದರೂ ಅಷ್ಟು ಹೊತ್ತಿಗೆ ಬರುವುದು 44,000. ಅಂದರೆ ವರ್ಷದಲ್ಲಿ ಸುಮಾರು ಮೂರು ತಿಂಗಳ ದುಡಿಮೆ ಶಾಲೆಗೇ ಹೋಗುತ್ತದೆ.

ನಾನು ಕಂಡುಕೊಂಡ ಒಂದು ಅಳತೆ ಇದೆ. ಇದು ಯಾವ ಶಾಸ್ತ್ರವೂ ಅಲ್ಲ, ಅಡವಿಟ್ಟ ಒಡವೆಯನ್ನು ಯಾರು ಬಿಡಿಸಿಕೊಂಡು ಹೋಗುತ್ತಾರೆ, ಯಾರದು ಹರಾಜಿನ ನೋಟಿಸಿನವರೆಗೆ ಬರುತ್ತದೆ ಎಂಬುದನ್ನು ನೋಡುತ್ತಾ ಬಂದವನ ಅಂದಾಜು ಮಾತ್ರ: ಒಂದು ಮಗುವಿನ ಶಾಲೆಯ ಎಲ್ಲ ಖರ್ಚು ಸೇರಿ ವರ್ಷಕ್ಕೆ ಮನೆಯ ಒಂದು ತಿಂಗಳ ವರಮಾನದೊಳಗೆ ಇದ್ದರೆ ಸಂಸಾರ ತಡೆದುಕೊಳ್ಳುತ್ತದೆ. ಒಂದೂವರೆ ತಿಂಗಳಿನ ಹತ್ತಿರ ಹೋದರೆ, ಯಾರಾದರೂ ಒಬ್ಬರು ಆಸ್ಪತ್ರೆ ಸೇರಿದ ವರ್ಷ ಶುಲ್ಕದ ಕಂತು ತಪ್ಪುತ್ತದೆ. ನೀವು ನೋಡಿರುವ ಶಾಲೆ ಒಂದು ತಿಂಗಳ ಗೆರೆಯನ್ನು ಮೊದಲ ವರ್ಷವೇ ದಾಟಿದೆ.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಮಗಳನ್ನು ಸೇರಿಸುವಾಗ ಬೋಧನಾ ಶುಲ್ಕವನ್ನಷ್ಟೇ ನೋಡಿದೆವು. ಎರಡನೇ ವರ್ಷಕ್ಕೆ ‘ಅಭಿವೃದ್ಧಿ ಶುಲ್ಕ’ ಎಂಬ ಸಾಲು ಬಂತು, ನಾಲ್ಕನೇ ವರ್ಷಕ್ಕೆ ‘ಸ್ಮಾರ್ಟ್ ಕ್ಲಾಸ್’ ಎಂದು ಇನ್ನೊಂದು ಸೇರಿತು. ಕೋವಿಡ್ ವರ್ಷ ಬೋಧನಾ ಶುಲ್ಕದಲ್ಲಿ ನೂರಕ್ಕೆ 70ರಷ್ಟನ್ನು ಮಾತ್ರ ಪಡೆಯಬೇಕೆಂದು 2021ರ ಜನವರಿಯಲ್ಲಿ ಸರ್ಕಾರ ಆದೇಶಿಸಿದಾಗಲೇ, ನಾವು ಕಟ್ಟುತ್ತಿದ್ದ ಹಣದಲ್ಲಿ ಬೋಧನಾ ಶುಲ್ಕ ಎಂಬುದು ಎಷ್ಟು ಚಿಕ್ಕ ಭಾಗವೆಂದು ರಸೀದಿ ತೆಗೆದು ನೋಡಿದ್ದು. ಆ ಜೂನ್‌ನಲ್ಲಿ ಪತ್ನಿಯ ಎರಡು ಬಳೆಗಳು ನಮ್ಮದೇ ಸಂಘದ ತಿಜೋರಿಗೆ ಹೋದವು. ಮರುವರ್ಷ ಮಗಳನ್ನು ಆರನೇ ತರಗತಿಗೆ ಒಂದು ಅನುದಾನಿತ ಶಾಲೆಗೆ ಸೇರಿಸಿದೆವು. ಅವಳು ಪಾಠಕ್ಕೆ ಬೇಗ ಹೊಂದಿಕೊಂಡಳು. ಗೆಳತಿಯರು ಹೋದ ದುಃಖ ಮಾತ್ರ ಒಂದು ವರ್ಷ ಇತ್ತು. ಸೇರಿಸುವಾಗಲೇ ಲೆಕ್ಕ ಹಾಕಿದ್ದರೆ ಮಗುವಿಗೆ ಅದನ್ನು ತಪ್ಪಿಸಬಹುದಿತ್ತು.

ನಾವೆಲ್ಲ ಖಾಸಗಿ ಶಾಲೆಯ ಕಡೆಗೆ ವಾಲುವುದು ಮುಖ್ಯವಾಗಿ ನಾಲ್ಕನೇ ವಯಸ್ಸಿನಲ್ಲಿ ಎಂಬುದನ್ನು ಗಮನಿಸಿ. ಸರ್ಕಾರದ ಕಡೆ ಆ ವಯಸ್ಸಿಗೆ ಇದ್ದದ್ದು ಅಂಗನವಾಡಿ. ಖಾಸಗಿಯವರ ಕಡೆ ಎಲ್‌ಕೆಜಿ, ಇಂಗ್ಲಿಷ್ ಪದ್ಯ, ಮನೆ ಬಾಗಿಲಿಗೆ ವ್ಯಾನ್. ಒಮ್ಮೆ ಅಲ್ಲಿ ಕೂತ ಮಗು ಒಂದನೇ ತರಗತಿಗೆ ಎದ್ದು ಬರುವುದು ಅಪರೂಪ. ಈಗ ಸ್ಥಿತಿ ಸ್ವಲ್ಪ ಬದಲಾಗಿದೆ. 2018-19ರಿಂದ ಶುರುವಾದ, ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದಲೇ ಪ್ರವೇಶವಿದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಎಲ್ಲವೂ ಚೆನ್ನಾಗಿವೆ ಎಂದು ನಾನು ಹೇಳಲಾರೆ, ಮುಖ್ಯೋಪಾಧ್ಯಾಯರು ಗಟ್ಟಿಗರಾಗಿರುವ ಕಡೆ ಚೆನ್ನಾಗಿವೆ. ನಿಮ್ಮ ಮನೆಗೆ ಹತ್ತಿರ ಅಂಥದ್ದೊಂದಿದ್ದರೆ ಖಾಸಗಿ ಶಾಲೆಯ ಅರ್ಜಿ ತರುವ ಮುಂಚೆ ಅರ್ಧ ದಿನ ರಜೆ ಹಾಕಿ ಹೋಗಿ ನೋಡಿ ಬನ್ನಿ.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟನ್ನು ನಂಬಿ ಕೂರಬೇಡಿ. ರಾಜ್ಯದಲ್ಲಿ 2012-13ರಿಂದ ಖಾಸಗಿ ಶಾಲೆಗಳ ನೂರಕ್ಕೆ 25 ಸೀಟು ಬಡ ಮಕ್ಕಳಿಗೆ ಸಿಗುತ್ತಿತ್ತು ನಿಜ. ಆದರೆ 2019-20ರಿಂದ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಸೀಟು ಕೊಡಬೇಕಿಲ್ಲ ಎಂದಾದ ಮೇಲೆ ಪಟ್ಟಣಗಳಲ್ಲಿ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಹಾಗೆಯೇ ಬೋಧನಾ ಶುಲ್ಕಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯೆಂದು ಯಾರಾದರೂ ಹುರಿದುಂಬಿಸಿದರೆ, ನಿಮ್ಮ ವರಮಾನಕ್ಕೆ ತೆರಿಗೆಯೇ ಬಾರದು ಎಂಬುದನ್ನು ನೆನಪಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ 32,000ದ ಶಾಲೆಯನ್ನು ಬಿಟ್ಟು, ಎಲ್ಲ ಸೇರಿ 38,000ದೊಳಗೆ ಮುಗಿಯುವ, ನಡೆದು ಹೋಗುವಷ್ಟು ಹತ್ತಿರದ ಶಾಲೆಯನ್ನು ಹುಡುಕುತ್ತಿದ್ದೆ. ವ್ಯಾನ್ ಇಲ್ಲವಾದರೆ 12,000 ಅಲ್ಲೇ ಉಳಿಯುತ್ತದೆ. ಐದನೇ ತರಗತಿಯನ್ನು ಮತ್ತೊಮ್ಮೆ ಯೋಚಿಸುವ ಜಾಗವೆಂದು ಈಗಲೇ ಗುರುತು ಹಾಕಿಕೊಳ್ಳುತ್ತಿದ್ದೆ, ಏಕೆಂದರೆ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ ಎಲ್ಲಕ್ಕೂ ಪ್ರವೇಶ ಪರೀಕ್ಷೆಯ ಮೂಲಕ ಆರನೇ ತರಗತಿಗೆ ತೆಗೆದುಕೊಳ್ಳುತ್ತಾರೆ. ಹಣಕ್ಕೆ ಸಂಬಳದವರಾದರೆ ಆರ್‌ಡಿ (ತಿಂಗಳ ಕಂತಿನ ಠೇವಣಿ), ಅಂಗಡಿಯವರಾದರೆ ಪಿಗ್ಮಿ (ದಿನದ ಉಳಿತಾಯ), ಜೂನ್‌ನಲ್ಲಿ ಶುರುಮಾಡಿ ಮೇಗೆ ಕೈಗೆ ಬರುವಂತೆ. ಚೀಟಿ ಹಾಕಿ ಕೂಗಿ ಎತ್ತಿದರೆ ಕಸರಿನಲ್ಲಿ, ಅಂದರೆ ಕೂಗಿನಲ್ಲಿ ಬಿಟ್ಟುಕೊಡುವ ಮೊತ್ತದಲ್ಲಿ, ಹೋಗುವ ದುಡ್ಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಾವ ಶಾಲೆಯನ್ನೇ ಆರಿಸಿ, ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಏಳನೇ ಅಥವಾ ಎಂಟನೇ ತರಗತಿಯ ಮಕ್ಕಳ ತಂದೆತಾಯಿಯನ್ನು ಮಾತನಾಡಿಸಿ, ಈ ವರ್ಷದ ರಸೀದಿಯನ್ನೂ ಮೂರು ವರ್ಷ ಹಿಂದಿನದನ್ನೂ ತೋರಿಸುವಿರಾ ಎಂದು ಕೇಳಿ. ಕಚೇರಿಯೊಳಗೆ ಕೊಡುವ ಬಣ್ಣದ ಪುಸ್ತಿಕೆಯಲ್ಲಿ ಆ ಲೆಕ್ಕ ಇರುವುದಿಲ್ಲ.