ಓದುಗರ ಪ್ರಶ್ನೆ: ಮೂಡುಬಿದಿರೆ ಹಾಸ್ಟೆಲಿನಿಂದ ಒಂದು ಭಾನುವಾರ

ಪ್ರಶ್ನೆ: ಮೂಡುಬಿದಿರೆಯಲ್ಲಿ ಓದುತ್ತಿದ್ದೇವೆ. ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಬಿಟ್ಟರೆ ಸಂಜೆ ಆರರೊಳಗೆ ಬಂದು ಸೇರಬೇಕು. ಗಾಡಿಯಿಲ್ಲ, ಬಸ್ಸೇ ಗತಿ. ಕಾರ್ಕಳ, ವೇಣೂರು ಎರಡನ್ನೂ ಒಂದೇ ದಿನ ನೋಡಬಹುದೇ?

ಉತ್ತರ: ನೋಡಬಹುದು, ಆದರೆ ಎರಡೂ ಅರ್ಧಂಬರ್ಧವಾಗುತ್ತವೆ. ಎರಡೂ ಊರು ಸುಮಾರು ಇಪ್ಪತ್ತು ಕಿಲೋಮೀಟರ್ ಒಳಗೇ ಇವೆ, ನಿಜ. ಆದರೆ ಕಾರ್ಕಳ ಉತ್ತರಕ್ಕೆ, ವೇಣೂರು ಪೂರ್ವಕ್ಕೆ, ಗುರುವಾಯನಕೆರೆಯ ದಾರಿಯಲ್ಲಿ. ಒಂದನ್ನು ಮುಗಿಸಿ ಮೂಡುಬಿದಿರೆಗೆ ಬಂದೇ ಇನ್ನೊಂದರ ಬಸ್ಸು ಹತ್ತಬೇಕು. ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಮೊದಲ ಭಾನುವಾರ ಕಾರ್ಕಳವನ್ನೇ ಇಟ್ಟುಕೊಳ್ಳಿ.

ಏಳು ಗಂಟೆಯ ಆಸುಪಾಸಿನ ಬಸ್ಸು ಹಿಡಿಯಿರಿ. ಇಳಿದವರೇ ನೇರ ಗೊಮ್ಮಟ ಬೆಟ್ಟಕ್ಕೆ ಹೋಗಿ. ತಿಂಡಿಗೆಂದು ಕೂತು, ಹರಟೆ ಹೊಡೆದು ಹತ್ತೂವರೆಗೆ ಹತ್ತಲು ಹೊರಡುವುದೇ ಎಲ್ಲರೂ ಮಾಡುವ ತಪ್ಪು. ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಬಂಡೆ ಕಾವಲಿಯಂತಾಗಿ, ಮೂರ್ತಿಯ ಮುಖ ನೋಡುವ ಬದಲು ಎಲ್ಲರೂ ನೆರಳಿಗೆ ಓಡುತ್ತಿರುತ್ತಾರೆ. 1432ರಲ್ಲಿ ನಿಲ್ಲಿಸಿದ ಈ ಏಕಶಿಲೆಯ ಎತ್ತರ ಸುಮಾರು 42 ಅಡಿ. ಕಾಲಬುಡದಲ್ಲಿ ನಿಂತರೆ ಕತ್ತು ನೋಯುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ಹಿಂದೆ ಸರಿದು ನಿಲ್ಲಿ.

ಅಲ್ಲಿಂದ ಇಳಿದು ಚತುರ್ಮುಖ ಬಸದಿಗೆ ಹತ್ತಿ. ಇದು 1586ರದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಒಂದು ಬಾಗಿಲಲ್ಲಿ ಇಣುಕಿ ವಾಪಸಾಗಬೇಡಿ, ಸುತ್ತು ಬನ್ನಿ. ಪ್ರತಿ ಬಾಗಿಲಿಗೂ ಅದೇ ಮೂವರು ತೀರ್ಥಂಕರರು, ಅರ, ಮಲ್ಲಿ, ಮುನಿಸುವ್ರತರು ಎದುರಾಗುತ್ತಾರೆ. ಒಟ್ಟು ಹನ್ನೆರಡು ಮೂರ್ತಿಗಳು. ಗೊಮ್ಮಟ ಬೆಟ್ಟ ಇಲ್ಲಿಂದಲೇ ಚೆನ್ನಾಗಿ ಕಾಣುವುದು, ಹಾಗಾಗಿ ಫೋಟೊ ಇಲ್ಲಿಗೆ ಉಳಿಸಿಕೊಳ್ಳಿ. ಹೊತ್ತಿದ್ದರೆ ಆನೆಕೆರೆ. ಹನ್ನೆರಡೂವರೆಗೆ ಊಟಕ್ಕೆ ಕೂತುಬಿಡಿ. ಸಣ್ಣ ಊರಿನ ಹೋಟೆಲುಗಳಲ್ಲಿ ಎರಡೂವರೆ ಆದಮೇಲೆ ಸಾರು ಇದ್ದರೆ ಪಲ್ಯ ಇಲ್ಲ, ಪಲ್ಯ ಇದ್ದರೆ ಅನ್ನ ಇಲ್ಲ.

ವೇಣೂರಿಗೆ ಅರ್ಧ ದಿನ ಸಾಕು. ಫಲ್ಗುಣಿ ನದಿಯ ದಡದ ಊರು. 1604ರ ಗೊಮ್ಮಟ, 35 ಅಡಿ, ಬೆಟ್ಟ ಹತ್ತುವ ಕೆಲಸವಿಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ, ಅವರಿಗೆ ಮಂಡಿನೋವು ಇದ್ದರೆ, ಇದೇ ಸರಿ. ಕಾರ್ಕಳದಷ್ಟು ಹೋಟೆಲುಗಳು ಇಲ್ಲಿಲ್ಲ. ತಿಂಡಿ ಮೂಡುಬಿದಿರೆಯಲ್ಲೇ ಮುಗಿಸಿ. ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ: "ವಾಪಸು ಬಸ್ಸು ಎಷ್ಟು ಹೊತ್ತಿಗೆ?"

ಪ್ರಶ್ನೆ: ಸರಕಾರಿ ಬಸ್ಸಿನ ಶಕ್ತಿ ಯೋಜನೆ ಈ ದಾರಿಯಲ್ಲಿ ನಡೆಯುತ್ತದೆಯೇ?

ಉತ್ತರ: ಈ ಭಾಗದಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಶಕ್ತಿ ಖಾಸಗಿ ಬಸ್ಸಿಗೆ ಅನ್ವಯಿಸುವುದಿಲ್ಲ. ಹೋಗಿಬರುವ ಟಿಕೆಟಿಗೆ ಚಿಲ್ಲರೆ ಇಟ್ಟುಕೊಂಡೇ ಹೊರಡಿ.

ಪ್ರಶ್ನೆ: ಸಾವಿರ ಕಂಬದ ಬಸದಿಯನ್ನು ಹತ್ತು ನಿಮಿಷದಲ್ಲಿ ನೋಡಿ ಬಂದೆವು. ಕಂಬ ಬಿಟ್ಟು ಬೇರೇನಿದೆ?

ಉತ್ತರ: ಜಿರಾಫೆ ಇದೆ! ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ, ಅಂದರೆ ನೆಲಗಟ್ಟಿನ ಪಟ್ಟಿಕೆಯಲ್ಲಿ, ಸಣ್ಣ ಸಣ್ಣ ಉಬ್ಬುಶಿಲ್ಪಗಳಿವೆ. ಅವುಗಳ ನಡುವೆ ಉದ್ದ ಕತ್ತಿನ ಜಿರಾಫೆ, ಚೀನೀ ಶೈಲಿಯ ಡ್ರ್ಯಾಗನ್. ಈ ಕರಾವಳಿಗೆ ದೂರದ ದೇಶಗಳ ಜೊತೆಗಿದ್ದ ಕಡಲ ವ್ಯಾಪಾರಕ್ಕೆ ಇದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಎಲ್ಲರೂ ಕಂಬ ನೋಡಲು ತಲೆ ಎತ್ತಿರುತ್ತಾರೆ. ನೀವು ಕುಕ್ಕರಗಾಲಲ್ಲಿ ಕೂತು ಹುಡುಕಿ, ಸಾಲು ಸಾಲಾಗಿ ಬಲದಿಂದ ಎಡಕ್ಕೆ. ಓರೆಬಿಸಿಲು ಬೀಳುವ ಬೆಳಗಿನ ಹೊತ್ತು ಉಬ್ಬುಕೆತ್ತನೆ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಎಲ್ಲ ಚಪ್ಪಟೆ. ಅಂದಹಾಗೆ 1430ರ ಈ ಬಸದಿಯ ಕಂಬಗಳಲ್ಲಿ ಒಂದರಂತೆ ಒಂದಿಲ್ಲ ಎನ್ನುತ್ತಾರೆ. ಪಕ್ಕಪಕ್ಕದ ಎರಡನ್ನು ಹೋಲಿಸಿ ನೋಡುವುದು ಒಳ್ಳೆಯ ಆಟ.

ಪ್ರಶ್ನೆ: ಸಂಜೆ ಕಾಲೇಜು ಬಿಟ್ಟಮೇಲೆ ಬನ್ಸ್, ಗೋಳಿಬಜೆ ತಿನ್ನುತ್ತೇವೆ. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಹೊಟ್ಟೆ ಕೆಡುತ್ತದೆ. ಅಂಗಡಿ ಬದಲಿಸಬೇಕೇ?

ಉತ್ತರ: ಅಂಗಡಿಗಿಂತ ಮೊದಲು ನೀವು ಹೋಗುವ ಹೊತ್ತು ಬದಲಿಸಿ ನೋಡಿ. ಗೋಳಿಬಜೆ ಬಾಣಲೆಯಿಂದ ಎದ್ದ ಹತ್ತು ನಿಮಿಷದ ತಿಂಡಿ. ಗಾಜಿನ ಪೆಟ್ಟಿಗೆಯಲ್ಲಿ ಕೂತದ್ದು ರಬ್ಬರಾಗುತ್ತದೆ. ಹಿಟ್ಟು ಮೈದಾ, ಹುಳಿಮೊಸರು, ಚಿಟಿಕೆ ಸೋಡ, ಹಸಿಮೆಣಸು, ಶುಂಠಿ. ಮೂರು ನಾಲ್ಕು ಗಂಟೆ ನೆನೆದರೆ ಸೋಡ ಹೆಚ್ಚು ಬೇಕಾಗುವುದಿಲ್ಲ. ನೆನೆಸಲು ಪುರಸೊತ್ತಿಲ್ಲದವರು ಸೋಡ ಸುರಿಯುತ್ತಾರೆ. ಹೊರಗೆ ಕೆಂಪು ಮಿಶ್ರಿತ ಕಂದು ಬಣ್ಣ, ನಾಲಗೆಯ ಕೊನೆಗೆ ಸಾಬೂನಿನಂಥ ರುಚಿ ಬಂದರೆ ಅದೇ ಕಾರಣ.

ಬಾಳೆಹಣ್ಣು ಕಲಸಿದ ಹಿಟ್ಟಿನ ಪೂರಿಯಂಥ ಬನ್ಸನ್ನು ಮುರಿದು ನೋಡಿ. ಒಳಗೆ ಟೊಳ್ಳಾಗಿ, ಗೋಡೆಗೆ ಜಾಳುಜಾಳು ಎಳೆ ಇದ್ದರೆ ಹಿಟ್ಟು ರಾತ್ರಿಯಿಡೀ ನೆನೆದಿದೆ, ಎಣ್ಣೆ ಹದವಾಗಿ ಕಾದಿದೆ. ಬೆರಳಿಗೆ ಅಂಟಿದರೆ ಎಣ್ಣೆ ಅತಿಯಾಗಿ ಕಾದು ಹೊರಗೆ ಬೇಗ ಕೆಂಪಾಗಿದೆ, ಒಳಗೆ ಹಸಿ. ಕಾಗದವೆಲ್ಲ ಎಣ್ಣೆಯಾದರೆ ಕಾಯದ ಎಣ್ಣೆಗೆ ಹಾಕಿದ್ದಾರೆ. ಬಾಣಲೆಯ ಎಣ್ಣೆಯನ್ನೂ ಗಮನಿಸಿ: ಕಪ್ಪಾಗಿ, ದಪ್ಪಗಾಗಿ, ಮೇಲೆ ನೊರೆ ನಿಂತು ಹೊಗೆಯಾಡುತ್ತಿದ್ದರೆ ಚಹಾ ಕುಡಿದು ಎದ್ದು ಬನ್ನಿ.

ಆದರೆ ಹೊಟ್ಟೆ ಕೆಡಿಸುವುದು ಬಹಳ ಸಲ ಕರಿದದ್ದಲ್ಲ, ಪಕ್ಕದ ಚಟ್ನಿ. ಬೆಳಿಗ್ಗೆ ರುಬ್ಬಿದ ಹಸಿ ತೆಂಗಿನಕಾಯಿ ಚಟ್ನಿ ನಮ್ಮ ಸೆಕೆಗೆ ಮಧ್ಯಾಹ್ನದೊಳಗೆ ಹುಳಿಯುತ್ತದೆ. ಸಂಜೆ ಐದಕ್ಕೆ ಸಿಗುವುದು ಆಗ ರುಬ್ಬಿದ್ದೋ, ಬೆಳಗಿನದಕ್ಕೆ ನೀರು ಬೆರೆಸಿದ್ದೋ? ಮೂಸಿ ನೋಡಿ. ಸಂಶಯ ಬಂದರೆ ಬರೀ ಬಜೆ ತಿನ್ನಿ.

ಮೀನೂಟದವರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಮೀನು ದುಬಾರಿ, ಮಂಜುಗಡ್ಡೆಯಲ್ಲಿ ದಿನ ಕಳೆದದ್ದೂ ಇರುತ್ತದೆ. ತಾಜಾ ಬಂಗುಡೆ ಅಂದವರನ್ನೆಲ್ಲ ನಂಬಬೇಡಿ.

ಪ್ರಶ್ನೆ: ಮೂಡುಬಿದಿರೆ ಹತ್ತಿರದ ಬಂಡೆಬೆಟ್ಟ ಕೊಣಾಜೆ ಕಲ್ಲಿಗೆ ಮಳೆಗಾಲದಲ್ಲಿ ಹೋಗಬಹುದೇ? ಹಸಿರು ಚೆನ್ನಾಗಿರುತ್ತದಂತೆ.

ಉತ್ತರ: ಹಸಿರು ಚೆನ್ನಾಗಿರುತ್ತದೆ, ಬಂಡೆಯ ಮೇಲೂ ಇರುತ್ತದೆ, ಅದೇ ತೊಂದರೆ. ಪಾಚಿ ಹಿಡಿದ ಬಂಡೆಯಲ್ಲಿ ಹತ್ತುವುದಕ್ಕಿಂತ ಇಳಿಯುವಾಗ ಜಾರುವುದು ಹೆಚ್ಚು, ಅಡಿ ಸವೆದ ಶೂ ಇದ್ದರಂತೂ ಖಂಡಿತ. ಡಿಸೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ. ಬೋಳು ಬಂಡೆಯ ಮೇಲೆ ನೀವೇ ಎತ್ತರದ ವಸ್ತು. ಗುಡುಗು ಕೇಳಿಸಿದ ಕೂಡಲೇ ಕೆಳಗಿಳಿದು ಗಟ್ಟಿ ಕಟ್ಟಡದೊಳಗೆ ಸೇರಿ, ಕೊನೆಯ ಗುಡುಗಿನಿಂದ 30 ನಿಮಿಷ ಹೊರಗೆ ಬರಬೇಡಿ. ಇಂಥ ಬಂಡೆಗಳಲ್ಲಿ ಹೆಜ್ಜೇನು ಕಟ್ಟುವುದುಂಟು. ಸೆಂಟ್ ಪೂಸಿಕೊಂಡು ಹೋಗಬೇಡಿ, ಬೆಂಕಿ ಹಾಕಿ ಹೊಗೆ ಎಬ್ಬಿಸಲೇಬೇಡಿ. ಒಬ್ಬರೇ ಹೋಗುವ ಜಾಗವಲ್ಲ. ನಾಲ್ವರು ಹೋದರೆ ತಲೆಗೆ ಎರಡು ಲೀಟರ್ ನೀರು ಲೆಕ್ಕ ಹಾಕಿ. ತಂದ ಬಾಟಲಿಯನ್ನು ವಾಪಸು ತರುವ ಲೆಕ್ಕವೂ ಅದರೊಳಗೇ ಇರಲಿ.