30 ಅಡಿ ಸ್ಲಿಪ್ (ಮರೀನಾದಲ್ಲಿ, ಅಂದರೆ ದೋಣಿ ನಿಲ್ದಾಣದಲ್ಲಿ, ಒಂದು ದೋಣಿ ನಿಲ್ಲಿಸುವ ಜಾಗ) ಸಿಕ್ಕಿದೆ. ಇದರಲ್ಲಿ ಹಿಡಿಸುವ ಅತಿ ದೊಡ್ಡ ಕ್ರೂಸಿಂಗ್ ದೋಣಿ, ಅಂದರೆ ಒಳಗೇ ಮಲಗಿ ದಿನಗಟ್ಟಲೆ ಸುತ್ತಾಡುವ ಹಾಯಿ ದೋಣಿ, ಯಾವುದು?

ನಿಮ್ಮ ಪ್ರಶ್ನೆ ಓದಿ 2016ರ ನಾನೇ ಕಣ್ಣ ಮುಂದೆ ಬಂದೆ. ಅದೇ ಸ್ಯಾನ್ ಫ್ರಾನ್ಸಿಸ್ಕೊ ಬೇ, ಅದೇ 30 ಅಡಿಯ ಸ್ಲಿಪ್, ಹೆಂಡತಿ, ಇಬ್ಬರು ಮಕ್ಕಳು. ನೀವು ಕೊಳ್ಳಲು ಕ್ಯಾಟಲಿನಾ 320 ಹಾಯಿ ದೋಣಿ ನೋಡುತ್ತಿದ್ದೀರಿ. ನಾನು ನೋಡಿದ್ದು ಕ್ಯಾಟಲಿನಾ 30.

ಹದಿನಾಲ್ಕು ತಿಂಗಳು ವೇಟಿಂಗ್ ಲಿಸ್ಟ್‌ನಲ್ಲಿ ಕಾದ ಮೇಲೆ ನನಗೆ ಆ ಸ್ಲಿಪ್ ಸಿಕ್ಕಿದ್ದು. ಮರೀನಾದ ಹೆಸರು ಬೇಡ, ಹಳೇ ಕಾಲದ್ದು. ತಿಂಗಳಿಗೆ ಅಡಿ ಲೆಕ್ಕದಲ್ಲಿ ಬಾಡಿಗೆ. ದೋಣಿ 25 ಅಡಿ ಇದ್ದರೂ 30 ಅಡಿಗೇ ದುಡ್ಡು ಕಟ್ಟಬೇಕು. ಹಾಗಿದ್ದ ಮೇಲೆ 30 ಅಡಿಯನ್ನೂ ತುಂಬಿಸೋಣ, ಒಂದು ಅಡಿ ಯಾಕೆ ಬಿಡಬೇಕು ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತು.

ಕ್ಯಾಟಲಿನಾ 30 ಕೆಟ್ಟ ದೋಣಿ ಅಲ್ಲ. 1970ರ ದಶಕದ ಮಧ್ಯದಿಂದ 2008ರವರೆಗೆ 6,000ಕ್ಕೂ ಹೆಚ್ಚು ಕಟ್ಟಿದ್ದಾರೆ. ಒಳಗೆ ಇಳಿದರೆ ಪುಟ್ಟ ಮನೆ. ನನ್ನ ಹೆಂಡತಿ ಮೆಟ್ಟಿಲು ಇಳಿದವಳೇ ಅಡುಗೆ ಕಟ್ಟೆಯ ಮೇಲೆ ಕೈಯಾಡಿಸಿ, "ಇಲ್ಲಿ ದೋಸೆ ಹುಯ್ಯಬಹುದು" ಅಂದಳು. ಅಷ್ಟು ಸಾಕಾಯಿತು. 14,000 ಡಾಲರ್ ಕೊಟ್ಟು ತೆಗೆದುಕೊಂಡೆ.

ಉದ್ದದ ವಿಷಯದಲ್ಲಿ ನಾನು ಹುಷಾರಾಗಿದ್ದೆ. ಕಾಗದದಲ್ಲಿ ಆ ದೋಣಿ 29 ಅಡಿ 11 ಇಂಚು. ಟೇಪ್ ಹಿಡಿದರೆ 31 ಅಡಿ 4 ಇಂಚು ಬಂತು. ಮುಂದೆ ಲಂಗರಿನ ರೋಲರ್ ಚಾಚಿತ್ತು, ಹಿಂದೆ ಏಣಿ ನೇತಾಡುತ್ತಿತ್ತು. ಮರೀನಾದವರು ತುದಿಯಿಂದ ತುದಿಗೆ ಅಳೆಯುತ್ತಾರೆ, ಮಾಡೆಲ್ ಹೆಸರಿನಲ್ಲಿರುವ ನಂಬರ್ ಅವರಿಗೆ ಲೆಕ್ಕಕ್ಕಿಲ್ಲ. ಎರಡು ಅಡಿವರೆಗೆ ಹೊರಗೆ ಚಾಚಬಹುದು ಅಂದರು, ನನ್ನದು ಅದರೊಳಗೇ ಬಂತು. ಉದ್ದ ಸರಿಹೋದ ಖುಷಿಯಲ್ಲಿ ಅಗಲದ ಕಡೆ ಗಮನ ಕಡಿಮೆಯಾಯಿತು.

ಅಳೆಯಲಿಲ್ಲ ಅಂತಲ್ಲ. ಅಳೆದೆ, ಆದರೆ ತಪ್ಪು ಜಾಗದಲ್ಲಿ ಅಳೆದೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನನ್ನ ಎರಡು ವರ್ಷ ಹೋಗಿದ್ದು ಇಲ್ಲೇ.

ಸ್ಲಿಪ್ ಅಂದರೆ ಯು ಆಕಾರದ ಜಾಗ. ಒಳಗಿನ ಕೊನೆಯಲ್ಲಿ ನಡೆದಾಡುವ ಮುಖ್ಯ ಕಟ್ಟೆ. ಅದರಿಂದ ನೀರಿಗೆ ಚಾಚಿದ ಎರಡು ತೇಲುವ ಕಿರುಕಟ್ಟೆಗಳು, ಅಂದರೆ ಫಿಂಗರ್‌ಗಳು. ಇನ್ನೊಂದು ತುದಿಯಲ್ಲಿ ಬಾಯಿ, ದೋಣಿ ಬರುವುದು ಅಲ್ಲಿಂದ. ನಾನು ಒಬ್ಬನೇ ಹೋಗಿದ್ದೆ. ಒಬ್ಬನೇ ಇದ್ದರೆ ಅಳೆಯಲು ಸುಲಭವಾದ ಜಾಗ ಒಳಗಿನ ಕೊನೆ. ಕಟ್ಟೆಯ ಅಂಚಿನ ಮೇಲೆ ಟೇಪ್ ಮಲಗಿಸಿದರೆ ಆಯಿತು. ಬಾಯಿಯ ಹತ್ತಿರ ಅಳೆಯಬೇಕಾದರೆ ಎರಡು ಫಿಂಗರ್ ಮೇಲೆ ಇಬ್ಬರು ನಿಲ್ಲಬೇಕು, ನಡುವೆ ನೀರಿನ ಮೇಲೆ ಟೇಪ್ ಜೋತಾಡುತ್ತದೆ. ಅದು ಯಾಕೆ ಬೇಕು, ಫಿಂಗರ್‌ಗಳು ನೆಟ್ಟಗೇ ಇವೆಯಲ್ಲ ಅಂದುಕೊಂಡೆ. ಒಳಗೆ ಸರಿಯಾಗಿ 12 ಅಡಿ ಬಂತು. ದೋಣಿಯ ಅಗಲ 10 ಅಡಿ 10 ಇಂಚು. ಉಳಿದದ್ದು 14 ಇಂಚು. ಎರಡು ಕಡೆ 7 ಇಂಚು. ಬಿಗಿ, ಆದರೆ ನಡೆಯುತ್ತದೆ ಅಂದುಕೊಂಡೆ.

ಫಿಂಗರ್‌ಗಳು ನೆಟ್ಟಗಿದ್ದವು, ನಿಜ. ಆದರೆ ಎಡ ಫಿಂಗರ್‌ನ ತುದಿಯಲ್ಲಿ ಒಂದು ಕಾಂಕ್ರೀಟ್ ಕಂಬ ಇತ್ತು. ತೇಲುವ ಕಟ್ಟೆ ಉಬ್ಬರ ಇಳಿತಕ್ಕೆ ಮೇಲೆ ಕೆಳಗೆ ಆಡುವಾಗ ಪಕ್ಕಕ್ಕೆ ಹೋಗದಂತೆ ಹಿಡಿಯುವ ಕಂಬ. ಅದು ಫಿಂಗರ್‌ನ ಒಳಮೈಗೆ, ಅಂದರೆ ನನ್ನ ಸ್ಲಿಪ್ ಕಡೆಗೆ, ಬಳೆಯ ಸಮೇತ 10 ಇಂಚು ಚಾಚಿತ್ತು. ಕಂಬ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಂತಲ್ಲ. ಕಟ್ಟೆಯ ಮೇಲೆ ನಿಂತು ನೋಡಿದರೆ ಅದು ಫಿಂಗರ್‌ನ ಭಾಗದ ಹಾಗೆ ಕಾಣುತ್ತದೆ. ಮಂಡಿಯೂರಿ ಫಿಂಗರ್ ಅಂಚಿನುದ್ದಕ್ಕೂ ಕಣ್ಣು ಹಾಯಿಸಿದ್ದರೆ ಗೊತ್ತಾಗುತ್ತಿತ್ತು.

ಈಗ ಲೆಕ್ಕ ಮಾಡಿ. 12 ಅಡಿಯಲ್ಲಿ 10 ಇಂಚು ಹೋದರೆ 11 ಅಡಿ 2 ಇಂಚು. ಅದರಲ್ಲಿ ದೋಣಿ 10 ಅಡಿ 10 ಇಂಚು. ಉಳಿದದ್ದು 4 ಇಂಚು, ಎರಡು ಕಡೆಗೆ ತಲಾ 2. ಪೆಟ್ಟಾಗದಂತೆ ದೋಣಿಯ ಪಕ್ಕಕ್ಕೆ ನೇತುಹಾಕುವ ದಿಂಬಿನಂಥ ಒಂದು ಫೆಂಡರ್ ದಪ್ಪವೇ 8 ಇಂಚು. ಫೆಂಡರ್ ಇಳಿಬಿಟ್ಟರೆ ದೋಣಿ ಒಳಗೆ ಹೋಗುವುದಿಲ್ಲ, ಬಿಡದಿದ್ದರೆ ಕಾಂಕ್ರೀಟಿಗೆ ಬರೀ ಮೈ. ಒಳಗೆ ಹೋಗಿ ನಿಂತ ಮೇಲೆ ತೊಂದರೆಯಿಲ್ಲ, ದೋಣಿಯ ಹಿಂಭಾಗ ಕಿರಿದು, ಕಂಬದ ಪಕ್ಕ ಅದು ಆರಾಮಾಗಿ ಇರುತ್ತದೆ. ಆದರೆ ಹೊಟ್ಟೆಯ ಭಾಗ ಆ ಕಂಬವನ್ನು ದಾಟಿಯೇ ಒಳಗೆ ಹೋಗಬೇಕು. ಗೋದ್ರೇಜ್ ಬೀರು ತರುವಾಗ ಕೋಣೆ ಅಳೆದು ಬಾಗಿಲು ಅಳೆಯದೆ ಬಂದ ಹಾಗೆ.

ಮೊದಲ ದಿನ ಆಗಸ್ಟ್ ತಿಂಗಳ ಮಧ್ಯಾಹ್ನ ನಾಲ್ಕು ಗಂಟೆ. ಇಲ್ಲಿಯ ಬೇಸಿಗೆ ನಿಮಗೆ ಗೊತ್ತೇ ಇದೆ. ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು, ಗೋಲ್ಡನ್ ಗೇಟ್ ಸಂದಿಯಿಂದ ಸಮುದ್ರದ ತಣ್ಣನೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ 20, 25 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಪಶ್ಚಿಮದ ಗಾಳಿ. ನನ್ನ ಸ್ಲಿಪ್‌ಗೆ ಅದು ಸರಿಯಾಗಿ ಅಡ್ಡಕ್ಕೆ ಬೀಸುತ್ತಿತ್ತು. ದೋಣಿ ನಾಲ್ಕೂವರೆ ಟನ್. ಮೂತಿ ಒಳಗೆ ಹೋಯಿತು. ಆಮೇಲೆ ಎಡಗಡೆಯ ಫೆಂಡರ್ ಕಂಬಕ್ಕೂ ದೋಣಿಗೂ ಮಧ್ಯೆ ಬೆಣೆಯ ಹಾಗೆ ಸಿಕ್ಕಿಹಾಕಿಕೊಂಡಿತು. ಅದರ ಹಗ್ಗವನ್ನು ನಾನು ಕಟ್ಟಿದ್ದು ಸ್ಟ್ಯಾಂಚನ್‌ಗೆ, ಅಂದರೆ ಡೆಕ್ ಅಂಚಿನ ಉಕ್ಕಿನ ಗೂಟಕ್ಕೆ. ದೋಣಿ ಮುಂದಕ್ಕೆ ಹೋಗುತ್ತಿದೆ, ಫೆಂಡರ್ ಬರುತ್ತಿಲ್ಲ. ಹಗ್ಗ ತಂತಿಯ ಹಾಗೆ ಬಿಗಿಯಿತು. ಗೂಟ ನಿಧಾನಕ್ಕೆ ಹಿಂದಕ್ಕೆ ಬಾಗುವುದನ್ನು ನಾನು ಚುಕ್ಕಾಣಿ ಹಿಡಿದುಕೊಂಡೇ ನೋಡಿದೆ. ಬುಡದಲ್ಲಿ ಲಟಕ್ ಅಂತ ಶಬ್ದ. ಗಾಬರಿಯಲ್ಲಿ ರಿವರ್ಸ್ ಹಾಕಿದೆ. ಬಲಕ್ಕೆ ತಿರುಗುವ ಪ್ರೊಪೆಲರ್ ರಿವರ್ಸ್‌ನಲ್ಲಿ ಹಿಂಭಾಗವನ್ನು ಎಡಕ್ಕೆ ಎಳೆಯುತ್ತದೆ. ಕಂಬ ಇದ್ದದ್ದೂ ಎಡಕ್ಕೇ. ಮಗಳು ಮುಂದೆ ಹಗ್ಗ ಹಿಡಿದು ನಿಂತಿದ್ದಳು, ಆಗ ಅವಳಿಗೆ ಒಂಬತ್ತು ವರ್ಷ. ಪಕ್ಕದ ದೋಣಿಯ ಮುದುಕರು ಓಡಿಬಂದು, "ಹಗ್ಗ ಬಿಡಮ್ಮ, ಕೈ ಒಳಗೆ ತಗೋ" ಅಂತ ಇಂಗ್ಲಿಷಿನಲ್ಲಿ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ.

ಯಾರಿಗೂ ಏನೂ ಆಗಲಿಲ್ಲ. ಗೂಟ ಬಾಗಿತು, ಬುಡದಲ್ಲಿ ಡೆಕ್ ಕೂದಲೆಳೆಯಷ್ಟು ಬಿರಿಯಿತು. ಗೂಟ ಬದಲಾಯಿಸಿದೆ, ಬಿರುಕಿಗೆ ಮೇಲಿಂದ ಸೀಲಂಟ್ ಬಳಿದೆ. ಅದು ಸಾಲದು ಅಂತ ಆಗ ತಿಳಿದಿರಲಿಲ್ಲ. ಫೈಬರ್‌ಗ್ಲಾಸ್ ಪದರಗಳ ನಡುವೆ ಡೆಕ್‌ನಲ್ಲಿ ಮರ ಇರುತ್ತದೆ. ಬಿರುಕಿನಿಂದ ಮಳೆನೀರು ಇಳಿದು ಅದು ಒಳಗೊಳಗೇ ಕೊಳೆಯಿತು. 2018ರಲ್ಲಿ ಮಾರಲು ಹೋದಾಗ ದೋಣಿ ಪರೀಕ್ಷಿಸುವ ಸರ್ವೇಯರ್ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಬಂದ. ಟಣ್ ಟಣ್ ಅನ್ನುತ್ತಿದ್ದದ್ದು ಆ ಗೂಟದ ಹತ್ತಿರ ಬಂದಾಗ ಡಬ್ ಡಬ್ ಅಂದಿತು. 9,500 ಡಾಲರ್‌ಗೆ ಕೊಟ್ಟೆ.

ದುಡ್ಡಿಗಿಂತ ನನಗೆ ಬೇಜಾರಾದದ್ದು ಬೇರೆ. ಆ ಎರಡು ವರ್ಷ ನಾವು ದೋಣಿಯನ್ನು ಹೊರಗೆ ತೆಗೆದದ್ದೇ ಕಡಿಮೆ. ಗಾಳಿ ಏಳುವ ಮೊದಲು, ಹನ್ನೊಂದು ಗಂಟೆಯೊಳಗೆ ವಾಪಸ್ ಬರಬೇಕು. ಗಾಳಿಯೇ ಇಲ್ಲದ ಹೊತ್ತಿನಲ್ಲಿ ಹಾಯಿ ದೋಣಿ ತಗೊಂಡು ಎಲ್ಲಿಗೆ ಹೋಗುವುದು? ಬೇ ಒಳಗಿನ ಏಂಜಲ್ ಐಲ್ಯಾಂಡ್‌ಗೆ ಹೋದರೂ ಅಲ್ಲಿನ ಅಯಾಲಾ ಕೋವ್‌ನಲ್ಲಿ ಊಟ ಮಾಡುವಾಗ ನನ್ನ ತಲೆಯಲ್ಲಿ ಕಂಬವೇ. ನಾನು ಗಂಗೊಳ್ಳಿಯವನು. ನಮ್ಮೂರಲ್ಲಿ ಮೀನಿಗೆ ಹೋದವರು ಎಷ್ಟು ದೂರ ಹೋದರು ಅಂತ ಯಾರೂ ಕೇಳುತ್ತಿರಲಿಲ್ಲ. ಅಳಿವೆ ದಾಟಿ ಒಳಗೆ ಬಂದರಾ ಅಂತ ಕೇಳುತ್ತಿದ್ದರು. ಅದನ್ನು ಕೇಳಿಕೊಂಡೇ ಬೆಳೆದವನಿಗೆ ದೋಣಿ ಕೊಳ್ಳುವಾಗ ಅದು ನೆನಪಾಗಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ಹಿಡಿಸುವ ಅತಿ ದೊಡ್ಡ ದೋಣಿ" ಬೇಡ. ಗಾಳಿ ಅಡ್ಡ ಬೀಸುವಾಗ, ಹೆಂಡತಿಗೆ ತಲೆನೋವು ಬಂದು ಕೆಳಗೆ ಮಲಗಿರುವಾಗ, ನೀವೊಬ್ಬರೇ ಒಳಗೆ ತರಬಲ್ಲ ದೋಣಿ ಯಾವುದು ಅಂತ ನೋಡಿ. ಕ್ಯಾಟಲಿನಾ 320 ಅಗಲ 11 ಅಡಿ 9 ಇಂಚು. ಸ್ಲಿಪ್ ಬಾಯಿ ದೋಣಿಗಿಂತ ಕನಿಷ್ಠ ಎರಡು ಅಡಿ ಅಗಲ ಇರಬೇಕು ಅನ್ನುವುದು ನನ್ನ ಲೆಕ್ಕ. ಅಂದರೆ 13 ಅಡಿ 9 ಇಂಚು. ಹಳೇ ಮರೀನಾಗಳ 30 ಅಡಿ ಸ್ಲಿಪ್‌ನಲ್ಲಿ ಅದನ್ನು ಮರೆತುಬಿಡಿ. ಆ ಸ್ಲಿಪ್‌ಗಳನ್ನು ಕಟ್ಟಿದ ಕಾಲದ ದೋಣಿಗಳೇ ಬೇರೆ. 1959ರಲ್ಲಿ ಬಂದ ಪಿಯರ್ಸನ್ ಟ್ರೈಟನ್ 28 ಅಡಿ ದಾಟಿದ ಉದ್ದಕ್ಕೆ ಅಗಲ ಬರೀ 8 ಅಡಿ 3 ಇಂಚು. ದೋಣಿಗಳು ಅಗಲವಾಗುತ್ತಾ ಹೋದವು, ಕಂಬಗಳು ನೆಟ್ಟಲ್ಲೇ ಇವೆ.

"ಚಿಕ್ಕದರಲ್ಲಿ ಕ್ರೂಸಿಂಗ್ ಆಗುತ್ತಾ" ಅಂತಲೂ ಕೇಳಿದ್ದೀರಿ. ಲಿನ್ ಮತ್ತು ಲ್ಯಾರಿ ಪಾರ್ಡೆ ದಂಪತಿ ಎಂಜಿನ್ ಇಲ್ಲದ 24 ಅಡಿ 4 ಇಂಚಿನ ಸೆರಾಫಿನ್ ಎಂಬ ದೋಣಿಯಲ್ಲಿ ಪ್ರಪಂಚ ಸುತ್ತಿದರು. ನಮಗೆ ಬೇಕಾಗಿರುವುದು ಹತ್ತಿರದ ಕರಾವಳಿಯ ಹಾಫ್ ಮೂನ್ ಬೇ, ಡ್ರೇಕ್ಸ್ ಬೇ, ರಜೆಯಲ್ಲಿ ಒಳನಾಡಿನ ನದಿಗಳ ಡೆಲ್ಟಾ. ದೊಡ್ಡದು ಜೋರಾಗಿ ಹೋಗುತ್ತದೆ ಅನ್ನುತ್ತಾರೆ. ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಡಿ ಉದ್ದ ಇದೆಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸುಮಾರಾಗಿ ಗರಿಷ್ಠ ವೇಗ ಸಿಗುತ್ತದೆ. ಕ್ಯಾಟಲಿನಾ 30ಕ್ಕೆ 6.7 ನಾಟ್, ಕ್ಯಾಟಲಿನಾ 27ಕ್ಕೆ ಸುಮಾರು 6.2. ಇಪ್ಪತ್ತು ನಾಟಿಕಲ್ ಮೈಲಿಗೆ ಕಾಲು ಗಂಟೆಯ ವ್ಯತ್ಯಾಸ.

ನಾನು ಆಮೇಲೆ ತಗೊಂಡದ್ದು ಆ 27ನ್ನೇ. ಉದ್ದ 26 ಅಡಿ 10 ಇಂಚು, ಅಗಲ 8 ಅಡಿ 10 ಇಂಚು. ಅದೇ ಸ್ಲಿಪ್, ಅದೇ ಕಂಬ. ಈಗ ಎರಡು ಕಡೆ 14 ಇಂಚು ಸಿಗುತ್ತದೆ, ಫೆಂಡರ್ ಇಳಿಬಿಟ್ಟೇ ಬರುತ್ತೇನೆ. ಎಂಜಿನ್ ಒಳಗಿರುವುದನ್ನೇ ಹುಡುಕಿದೆ, ಹಿಂದೆ ನೇತಾಡುವ ಔಟ್‌ಬೋರ್ಡ್ ಎಂಜಿನ್ ಕೂಡ ಉದ್ದದ ಲೆಕ್ಕಕ್ಕೆ ಸೇರುತ್ತದೆ. ಒಳಗೆ ಜಾಗ ಕಮ್ಮಿ, ನಿಜ. ನಾಲ್ಕು ಜನ ಮಲಗಿದರೆ ಬ್ಯಾಗ್ ಇಡಲು ಜಾಗ ಹುಡುಕಬೇಕು, ಮಳೆ ಬಂದರೆ ಕಷ್ಟ. ಆದರೂ ಆ ಎರಡು ವರ್ಷದಲ್ಲಿ ಹೋಗಿದ್ದಕ್ಕಿಂತ ಜಾಸ್ತಿ ಮೊದಲ ಬೇಸಿಗೆಯಲ್ಲೇ ಹೋದೆವು.

ಸ್ಲಿಪ್‌ನಲ್ಲಿ ನೀರಿನ ಆಳವನ್ನೂ ನೋಡಿಕೊಳ್ಳಿ. ಇಲ್ಲಿಯ ಚಾರ್ಟ್‌ನಲ್ಲಿ, ಅಂದರೆ ಜಲಮಾರ್ಗದ ನಕ್ಷೆಯಲ್ಲಿ, ಬರೆದ ಆಳ ದಿನದ ಎರಡು ಇಳಿತಗಳಲ್ಲಿ ಜಾಸ್ತಿ ಇಳಿಯುವುದರ ಸರಾಸರಿ. ಡಿಸೆಂಬರ್-ಜನವರಿಯಲ್ಲಿ, ಮತ್ತೆ ಜೂನ್ ಹೊತ್ತಿಗೆ, ನೀರು ಅದಕ್ಕಿಂತಲೂ ಒಂದು ಒಂದೂವರೆ ಅಡಿ ಕೆಳಗೆ ಹೋಗುವ ದಿನಗಳಿವೆ. ಬೇ ತುಂಬಾ ಹೂಳು, ಚಾರ್ಟ್ ಬರೆದ ಮೇಲೆ ಎಷ್ಟು ತುಂಬಿದೆಯೋ. ದಾರಕ್ಕೆ ಒಂದು ಕಲ್ಲು ಕಟ್ಟಿ ನೀವೇ ಇಳಿಬಿಟ್ಟು ನೋಡಿ, ಆ ಹೊತ್ತಿನ ಉಬ್ಬರದ ಎತ್ತರವನ್ನು ಟೈಡ್ ಟೇಬಲ್ ನೋಡಿ ಕಳೆಯಿರಿ.

ಅಡ್ವಾನ್ಸ್ ಕೊಡುವ ಮೊದಲು ಈ ಶನಿವಾರ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರು ಒಂದು ಫಿಂಗರ್ ಮೇಲೆ, ಇನ್ನೊಬ್ಬರು ಮತ್ತೊಂದರ ಮೇಲೆ. ಮಂಡಿಯೂರಿ ಕೂತು, ಕಂಬದ ಮೈಯಿಂದ ಎದುರಿನ ಅಂಚಿಗೆ ಟೇಪ್ ಬಿಗಿಯಾಗಿ ಎಳೆಯಿರಿ. ಸ್ಲಿಪ್‌ಗಳ ನಡುವಿನ ಓಣಿಯನ್ನೂ ಅಳೆಯಿರಿ, ನಿಮ್ಮ ದೋಣಿಯ ಒಂದೂವರೆ ಪಟ್ಟಾದರೂ ಇರಬೇಕು. ಮಧ್ಯಾಹ್ನ ನಾಲ್ಕಕ್ಕೇ ಹೋಗಿ, ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಗೊತ್ತಾಗುತ್ತದೆ. ಬಂದ ನಂಬರ್ ಇಲ್ಲಿ ಕಮೆಂಟ್‌ನಲ್ಲಿ ಹಾಕಿ, ಆ ಅಗಲಕ್ಕೆ ಯಾವ ದೋಣಿ ಅಂತ ಕೂತು ನೋಡೋಣ.