ಪ್ರತಿಕ್ರಿಯೆ: ಒದ್ದೆ ಅಂಗಳದ ತರ್ಕ ಕೋರ್ಟಿನಲ್ಲಿ ನಿಲ್ಲುತ್ತದೆಯೇ?

'ಅಂಗಳ ಒದ್ದೆಯಿದೆ, ಹಾಗಾದರೆ ಮಳೆ ಬಂದಿದೆ' ಎಂಬ ತರ್ಕ ಕೋರ್ಟಿಗೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಇದು ಅಬ್ಡಕ್ಷನ್, ಕಂಡದ್ದಕ್ಕೆ ಚೆನ್ನಾಗಿ ಹೊಂದುವ ಕಾರಣವನ್ನು ಊಹಿಸುವುದು. ಇವತ್ತು ಬೆಳಿಗ್ಗೆ ಉಡುಪಿಯ ನಮ್ಮನೆ ಅಂಗಳವೂ ಒದ್ದೆಯಿತ್ತು. ಆದರೆ ಮುರಕಲ್ಲಿನ ಪಾಗಾರದ ನೆತ್ತಿ ಒಣಗಿತ್ತು, ತೆಂಗಿನ ಬುಡದ ತರಗೆಲೆಯೂ ಗರಿಗರಿ. ಮಳೆಯ ಊಹೆ ಅಲ್ಲೇ ಬಿತ್ತು. ಯಾರೋ ನೀರು ಚಿಮುಕಿಸಿದ್ದರು.

ಸಂಶೋಧನೆಯಲ್ಲಿ ಇಂಥ ಊಹೆ ಬರೀ ಆರಂಭ, ಪರೀಕ್ಷೆ ಆಮೇಲೆ. ಆದರೆ ಸಾಂದರ್ಭಿಕ ಸಾಕ್ಷ್ಯಕ್ಕೆ, ಅಂದರೆ ಕಣ್ಣಾರೆ ಕಂಡವರಿಲ್ಲದೆ ಸುತ್ತಲಿನ ಸಂಗತಿಗಳಿಂದ ಕಟ್ಟುವ ಸಾಕ್ಷ್ಯಕ್ಕೆ, ಸುಪ್ರೀಂ ಕೋರ್ಟಿನ ಅಳತೆ ಬಹಳ ಬಿಗಿ. 1984ರ ಶರದ್ ಸಾರ್ಡಾ ಪ್ರಕರಣದ ತೀರ್ಪು ಓದಲೇಬೇಕು: ಸಾಕ್ಷ್ಯದ ಸರಪಳಿ ಎಲ್ಲೂ ಕಡಿಯಬಾರದು, ಆರೋಪಿಯ ಅಪರಾಧವೊಂದನ್ನು ಬಿಟ್ಟು ಬೇರೆ ಊಹೆಗೆ ಜಾಗ ಉಳಿಯಬಾರದು.

ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆ ಎನ್ನುವ ಮೀಮಾಂಸಕರ (ವೇದವಾಕ್ಯಗಳ ಅರ್ಥ ವಿಚಾರಿಸುವ ದಾರ್ಶನಿಕರ) ಅರ್ಥಾಪತ್ತಿಯೂ, ಅಂದರೆ ಬೇರೆ ರೀತಿ ಹೊಂದದ ಸಂಗತಿಗೆ ಹೊಂದುವ ಕಾರಣವನ್ನು ಒಪ್ಪುವುದೂ, ಅಬ್ಡಕ್ಷನ್‌ಗೆ ಹತ್ತಿರದ್ದೇ. ನಮ್ಮ ದ್ವೈತಿಗಳು, ಅಂದರೆ ಮಧ್ವಾಚಾರ್ಯರ ಅನುಯಾಯಿಗಳು, ಅದನ್ನು ಅನುಮಾನದೊಳಗೇ (ಕಂಡ ಗುರುತಿನಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು; ಸಂಶಯವಲ್ಲ) ಸೇರಿಸುತ್ತಾರೆ.